ಮುಂದಿನ ಗಾಲಿ ಹಿಂದಕ್ಕೆ

ಶ್ರೇಣಿಕಣ್ಣಾ,

ತೀರಿಕೊಂಡವರಿಗೆ ಟಪಾಲು ಹೋಗುವುದಿಲ್ಲ, ಗೊತ್ತು. ಆದರೆ ಇದನ್ನು ಇನ್ಯಾರಿಗೆ ಹೇಳಲಿ?

ನಾಲ್ಕೂ ಗಾಲಿಗೆ ಎಂಜಿನ್ ಎಳೆತವಿರುವ ನಿನ್ನ ಹಳೆಯ ಫೋರ್‌ವೀಲ್ ಪಿಕಪ್ಪಿನ ಎರಡೂ ಆಕ್ಸಲ್ ಬಿಚ್ಚಿ ಜೋಡಿಸಿದೆ. ನಾಳೆಯೊಳಗೆ ಗಾಡಿ ಅಂಗಳ ದಾಟದಿದ್ದರೆ ಅವ್ವ ಅದನ್ನು ಸಾವಳಗಿಯ ಗುಜರಿಯವನಿಗೆ ಕೊಟ್ಟುಬಿಡುತ್ತಾಳೆ. ಇವತ್ತು ಗೇರ್ ಹಾಕಿದರೆ ಹಿಂದಿನ ಗಾಲಿ ಮುಂದಕ್ಕೆ ತಿರುಗಿದವು, ಮುಂದಿನವು ಹಿಂದಕ್ಕೆ. ಮುಂದಿನ ಆಕ್ಸಲ್ಲನ್ನು ತಿರುಗಿಸುವ ದೊಡ್ಡ ಹಲ್ಲುಗಾಲಿ, ಆ ಕ್ರೌನ್ ಚಕ್ರವನ್ನು ಉಲ್ಟಾ ಬದಿಗೆ ಕೂರಿಸಿಬಿಟ್ಟಿದ್ದೇನೆ. ಗಾಡಿ ನಿಂತಲ್ಲೇ ನಡುಗಿತು.

ಕಟ್ಟೆಯ ಮೇಲಿದ್ದ ಅವ್ವ, "ನೋಡಲೇ ಸಿದ್ಧಾಂತ, ಇದೂ ನಿಮ್ಮಿಬ್ಬರಂಗ ಜಗ್ಗ್ಯಾಡಾಕತ್ತೈತಿ" ಎಂದು ಒಳಗೆ ಹೋದಳು.

ಮತ್ತೆ ಬಿಚ್ಚಿದ್ದೇನೆ. ಈ ಸಲವೂ ತಪ್ಪಿದರೆ ಏನು ಮಾಡಲಿ? ಬೋಲ್ಟ್ ಬಿಗಿಯುವಾಗ ಆಚೆ ಕಡೆ ಒಬ್ಬರು ಹಿಡಿಯಲೇಬೇಕು. ಬೇರೆಯವರನ್ನು ಕರೆಯಲು ಮನಸ್ಸಾಗಲಿಲ್ಲ. ನೀನು ನನ್ನನ್ನು ಬೈಯುತ್ತಲೇ ಹಿಡಿಯುತ್ತಿದ್ದ ಕಡೆ ಆಸರೆಗೆ ಕಲ್ಲು ಕೊಟ್ಟಿದ್ದೇನೆ.

ಅದು ನನ್ನನ್ನು ಬೈಯುತ್ತಿಲ್ಲ, ಅಣ್ಣಾ.