ಮಂಜೇಶ ಹೊಂಡಕ್ಕೆ ಬಿದ್ದ ದಿನ

ಸೂಲಿಬೆಲೆ
೯ ಫೆಬ್ರುವರಿ ೨೦೨೫, ಭಾನುವಾರ

ಪ್ರೀತಿಯ ತಮ್ಮ ಗುರುವಿಗೆ,

ಚಳಿಗೆ ಒಡೆದಿದ್ದ ನಿನ್ನ ಹಿಮ್ಮಡಿ ಈಗ ಹೇಗಿದೆ? ಗಡಿಯಲ್ಲಿ ಇನ್ನೂ ಹಿಮ ಬೀಳುತ್ತಿದೆಯೇ? ಅಮ್ಮ ಕಳಿಸಿದ ಹುರಿಹಿಟ್ಟನ್ನೆಲ್ಲ ಗೆಳೆಯರಿಗೆ ಹಂಚಿ ನೀನು ಬರೀ ಡಬ್ಬ ನೆಕ್ಕಬೇಡ. ನಾವಿಬ್ಬರೂ ಕ್ಷೇಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ನೀನು ಹೆದರಬಾರದು. ಫೋನಿನಲ್ಲಾದರೆ ನೀನು ಪೂರ್ತಿ ಕೇಳದೆ ಕೂಗಾಡುತ್ತಿದ್ದೆ.

ಗುರುವಾರ ಮಧ್ಯಾಹ್ನ ಟೊಮೆಟೊಗೆ ನೀರು ಬಿಡಲು ತೋಟಕ್ಕೆ ಹೋಗಿದ್ದೆ. ಕೃಷಿ ಹೊಂಡದ ಏರಿಯ ಮೇಲೆ ಮಂಜೇಶ ನಿಂತಿದ್ದ. ನಮ್ಮಪ್ಪನನ್ನು ಕೊಂದವನು ಜಾಮೀನಿನ ಮೇಲೆ ಹೊರಬಂದು, ಕಾಲಿಡಬಾರದೆಂದು ಕೋರ್ಟು ಹೇಳಿದ್ದ ನಮ್ಮ ತಾಲ್ಲೂಕಿಗೆ ಮಚ್ಚು ಹಿಡಿದು ಬಂದಿದ್ದ. "ಸಾಕ್ಷಿ ಹೇಳಕ್ಕೆ ಹೋಗ್ತೀಯೇನಮ್ಮಿ? ನೋಡಿದ್ದು ನೀನೊಬ್ಳೇ ಅಲ್ವಾ?" ಎಂದ. ನಾನು ಹೊಂಡ ಸುತ್ತಿ ಓಡಿದೆ. ಅಡ್ಡಹಾಕಲು ಅವನು ಒಳಗಿನ ಇಳಿಜಾರಿಗೆ ಕಾಲಿಟ್ಟ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕು ಪಾಚಿ ಕಟ್ಟಿ ಎಣ್ಣೆ ಸವರಿದ ಹಾಗಿರುತ್ತದಲ್ಲ, ಮಚ್ಚಿನ ಸಮೇತ ಜಾರಿ ನೀರಿಗೆ ಬಿದ್ದ. ಹತ್ತಲು ನೋಡಿದಷ್ಟೂ ಜಾರಿದ. ಈಜು ಬರುತ್ತಿರಲಿಲ್ಲ. "ಶಿಲ್ಪಾ, ಪೈಪ್ ಎಸಿಯೇ, ನಂಗೂ ಮಗು ಐತೆ ಕಣೇ" ಎಂದು ಅರಚಿದ.

ಪೈಪು ನನ್ನ ಕಾಲ ಬಳಿಯೇ ಇತ್ತು. ನಾನು ಬೆನ್ನು ತಿರುಗಿಸಿ ನಡೆದೆ, ಗುರು. ಅಪ್ಪ ನೆಲದಲ್ಲಿ ಬಿದ್ದು ನೀರು ಕೇಳಿದಾಗ ಇವನು ನಿಂತು ನೋಡಿದ್ದು ಕಣ್ಣ ಮುಂದೆ ಬರುತ್ತಿತ್ತು. ಹಿಂದೆ ಕೂಗು ನಿಂತು, ನೀರು ಬಡಿಯುವ ಸದ್ದಷ್ಟೇ ಉಳಿಯಿತು. ಅದೂ ಕುಗ್ಗತೊಡಗಿದಾಗ ತಡೆಯಲಾಗಲಿಲ್ಲ. ಓಡಿಬಂದು ಪೈಪನ್ನು ಮೋಟಾರಿನ ಕಂಬಕ್ಕೆ ಗಂಟುಹಾಕಿ ಇನ್ನೊಂದು ತುದಿ ಎಸೆದೆ. ಹಿಡಿದುಕೊಂಡ. ಪೊಲೀಸರಿಗೂ ಪಕ್ಕದ ತೋಟದ ಮಾರಕ್ಕನಿಗೂ ಫೋನು ಮಾಡುತ್ತಿರುವಾಗಲೇ, ಉಸಿರು ಬಂದವನು ನನ್ನನ್ನೇ ದುರುಗುಟ್ಟಿ ನೋಡುತ್ತ ಪೈಪು ಹಿಡಿದು ಮೇಲಕ್ಕೆ ಬರತೊಡಗಿದ. ಗಂಟಿನ ಮೇಲೆ ಕೈಯಿಟ್ಟೆ. "ಅಲ್ಲೇ ಇರು. ಹತ್ತಿದ್ರೆ ಬಿಚ್ಬಿಡ್ತೀನಿ" ಎಂದೆ. ಬಿಚ್ಚುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ನನ್ನ ಮುಖದಲ್ಲಿ ಏನು ಕಂಡನೋ, ಅಲ್ಲೇ ನಿಂತ. ಮಾರಕ್ಕ ಜನ ಕರೆದುಕೊಂಡು ಬರುವವರೆಗೂ ಅವನು ನೀರಿನಲ್ಲಿ, ನಾನು ಕಂಬದ ಬಳಿ. ಆಮೇಲೆ ಪೊಲೀಸರು ಬಂದು ಎಳೆದುಕೊಂಡು ಹೋದರು. ಈಗ ಒಳಗಿದ್ದಾನೆ.

ಅಮ್ಮ ಮಾತ್ರ ನನ್ನ ಮುಖ ನೋಡುತ್ತಿಲ್ಲ. "ನಿಮ್ಮಪ್ಪಂಗೆ ಒಂದ್ ಗುಟುಕು ನೀರೂ ಕೊಡದೋನ್ಗೆ ಪೈಪ್ ಎಸ್ದಲ್ಲೇ" ಎಂದಳು, ಅಷ್ಟೇ. ಮುಂದಿನ ತಿಂಗಳು ಕೋರ್ಟಿನಲ್ಲಿ ಕಂಡದ್ದನ್ನೆಲ್ಲ ಹೇಳುತ್ತೇನೆ. ರಜೆಗೆ ಬಂದು ಅವನನ್ನು ಮುಗಿಸುತ್ತೇನೆ ಎಂದು ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ಆಡಿದ ಮಾತನ್ನು ಇನ್ನು ಬಿಟ್ಟುಬಿಡು.

ಕೋಪ ಮಾಡಿಕೊಳ್ಳದೆ ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಹರಕೆಯೆಲ್ಲ ನಿನ್ನ ಮೇಲಿದೆ.

ನಿನ್ನ ಅಕ್ಕ,
ಶಿಲ್ಪ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಮಂಜೇಶನ ಹೆಂಡತಿ ಚಂದನ ಮಗುವನ್ನೆತ್ತಿಕೊಂಡು ಬಂದಳು. ನಮ್ಮಪ್ಪ ಸತ್ತ ದಿನ ಗಂಡ ರಕ್ತದ ಮಚ್ಚು ತೊಳೆದದ್ದನ್ನು ಕಂಡಿದ್ದಾಳಂತೆ. ಕೋರ್ಟಿನಲ್ಲಿ ಹೇಳುತ್ತೇನೆ ಎಂದದ್ದಕ್ಕೆ ಅತ್ತೆಮನೆಯವರು ಹೊಡೆದು ಹೊರಹಾಕಿದ್ದಾರೆ. ನಾನು ಬಾಗಿಲು ಬಿಟ್ಟು ಸರಿಯಲಿಲ್ಲ. ಅಮ್ಮನೇ ಬಂದು ಮಗುವನ್ನು ಎತ್ತಿಕೊಂಡಳು. ಚಂದನ, ಮಗು ಇಬ್ಬರೂ ನಿನ್ನ ಕೋಣೆಯಲ್ಲಿದ್ದಾರೆ. ಆ ಮನೆಯವರು ಹುಡುಕಿಕೊಂಡು ಬಂದೇ ಬರುತ್ತಾರೆ. ರಜೆ ಹಾಕಿ ಬೇಗ ಬಾ, ಗುರು. ಈಗ ನೀನು ಕಾಯಬೇಕಾದದ್ದು ಇವರನ್ನು.