ಲಾಗ ಹಾಕುವ ವಿಮಾನಕ್ಕೊಂದು ರೈಟ್

ಹರಪನಹಳ್ಳಿ
14 ಜುಲೈ 2025, ಸೋಮವಾರ

ನನ್ನ ಮುದ್ದು ಕ್ರಾಂತಿ,

ಹೇಗಿದ್ದೀಯ ಮಗಳೇ? ಕುತ್ತಿಗೆ ಹಿಡಿದುಕೊಂಡಿದೆ ಅಂದಿದ್ದೆ, ಬಿಟ್ಟಿತೇ? ಆ ಜೆಕ್ ದೇಶದಲ್ಲಿ ಬ್ರೆಡ್ಡನ್ನೇ ಊಟ ಅಂದುಕೊಂಡು ಸುಮ್ಮನಾಗಬೇಡ. ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದು ಡಬ್ಬಿಯಲ್ಲಿ ಪೂಜೆ ಮಾಡಲಿಕ್ಕಲ್ಲ, ಅನ್ನಕ್ಕೆ ಕಲಸಿಕೋ. ನಾವೆಲ್ಲ ಆರಾಮವಾಗಿದ್ದೇವೆ. ಫೋನಿನಲ್ಲಾದರೆ ಎರಡು ಮಾತಿಗೇ ‘ಆಯ್ತಮ್ಮ, ಇಡ್ತೀನಿ’ ಅನ್ನುತ್ತೀ, ಅದಕ್ಕೇ ಈ ಕಾಗದ. ನಿನ್ನ ತಮ್ಮ ಪ್ರಬುದ್ಧ ಇದರ ಫೋಟೊ ತೆಗೆದು ಇವತ್ತೇ ಕಳಿಸುತ್ತಾನೆ.

ನೀನು ಕಳಿಸಿದ ವಿಡಿಯೊ ಮನೆಯಲ್ಲಿ ಎಬ್ಬಿಸಿದ ರಂಪ ನಿನಗೆ ಪೂರ್ತಿ ಗೊತ್ತಿಲ್ಲ. ನೀನು ಹಾರಿಸುತ್ತಿದ್ದ ವಿಮಾನ ನೆಟ್ಟಗೆ ಮೇಲೇರುತ್ತಿತ್ತು. ಇದ್ದಕ್ಕಿದ್ದಂತೆ ಬಾಲ ಮೂಗಿನ ಮೇಲೆ ಬಂದು, ಯಾರೋ ಸಿಟ್ಟಿನಿಂದ ಬೀಸಿ ಒಗೆದ ಚಪ್ಪಲಿಯ ಹಾಗೆ ಉರುಳಾಡತೊಡಗಿತು. ಅಜ್ಜಿ ಎದೆ ಬಡಿದುಕೊಂಡು, ‘ಲೇ, ಆ ಇಮಾನಕ್ಕ ಗಾಳಿ ಮೆಟ್ಕಂಡೈತಿ, ಕೂಸನ್ನ ಇಳಿಸ್ರಲೇ!’ ಅಂದಳು. ಅದಕ್ಕೆ ಲೊಮ್ಸೊವಾಕ್ ಅಂತ ಹೆಸರಂತೆ. ನಮ್ಮ ಬಾಯಿಗೆ ಅದು ಲಾಗವೇ. ನೀನು ಬೇಕೆಂದೇ ಮಾಡಿದ್ದು ಅಂತ ಪ್ರಬುದ್ಧ ಬಿಡಿಸಿ ಹೇಳಿದ ಮೇಲೆ ನನಗೆ ಇನ್ನೂ ಸಂಕಟವಾಯಿತು. ಕೈತಪ್ಪಿ ಬಿದ್ದರೆ ಅದೊಂದು ಮಾತು, ಬೇಕೆಂದೇ ಕೈಬಿಡುವವಳಿಗೆ ಏನು ಹೇಳುವುದು?

ಇನ್ನು ನಿನ್ನಪ್ಪ. ಅವರ ಸ್ವಭಾವ ನಿನಗೆ ಗೊತ್ತೇ ಇದೆ. ಇಷ್ಟು ವರ್ಷ ಕಂಡಕ್ಟರಾಗಿದ್ದರೂ ಬಾಗಿಲ ಮೆಟ್ಟಿಲನ್ನು ಕಣ್ಣಾರೆ ನೋಡದೆ ಒಮ್ಮೆಯೂ ‘ರೈಟ್’ ಅಂದವರಲ್ಲ. ನೀನೂ ಮೊದಲ ಸಲ ಒಬ್ಬಳೇ ಹಾರಿದ ದಿನದಿಂದ, ಹೊಸದೇನು ಮಾಡುವಾಗಲೂ ಫೋನು ಹಚ್ಚಿ ಅವರಿಂದ ‘ರೈಟ್ ರೈಟ್’ ಅನ್ನಿಸಿಕೊಂಡೇ ಹೊರಡುತ್ತೀ. ಈ ಸಲ, ಬರುವ ಭಾನುವಾರದ ಪ್ರದರ್ಶನದಲ್ಲಿ ಲಾಗ ಹಾಕಲೇ ಅಂತ ಕೇಳಿದೆಯಲ್ಲ, ಆಗ ಅವರು ಫೋನನ್ನು ನನ್ನ ಕೈಗೆ ತುರುಕಿ, ‘ಬಾಗಲ ಕಾಣದ ಗಾಡಿಗೆ ನಾ ರೈಟ್ ಅನ್ನಲ್ಲ’ ಅಂತ ಎದ್ದು ಹೋದರು. ನೀನೇನು ಕಡಿಮೆಯೇ? ಅಪ್ಪ ಅನ್ನದಿದ್ದರೆ ಲಾಗ ಬಿಟ್ಟು ಉಳಿದದ್ದಷ್ಟೇ ಹಾರಿಸುತ್ತೇನೆ ಅಂದೆ. ಅದಕ್ಕಾಗಿಯೇ ಅಷ್ಟು ದೂರ ಹೋಗಿ ಕಲಿತವಳು! ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ, ಆದರೆ ಈ ಹಟ ನನ್ನ ನೂಲಲ್ಲ.

ಮೊನ್ನೆ ಶನಿವಾರ ಹಿರೇಹಡಗಲಿ ಕಡೆ ಮಳೆ ಬಿದ್ದಿತ್ತು. ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ರಸ್ತೆಗೆ ತಂದು ಮೆತ್ತಿದ್ದವು. ಅದರ ಮೇಲೆ ನಿನ್ನಪ್ಪನ ಬಸ್ಸು ಜಾರಿ ಅಡ್ಡಡ್ಡ ಹೊರಟಿತಂತೆ. ಒಳಗೆ ಜನ ಬೊಬ್ಬೆ ಹಾಕುತ್ತಿದ್ದರೆ ನಿನ್ನಪ್ಪ ಗಂಟಲು ಹರಿಯುವಂತೆ ‘ಹೋಲ್ಡಾನ್, ಹೋಲ್ಡಾನ್’ ಅಂತ ಬಸ್ಸು ನಿಲ್ಲಿಸಲು ಕೂಗಿದ್ದಾರೆ. ಅವರ ಮಾತು ಬಿಟ್ಟು ಒಂದು ಚಕ್ರವನ್ನೂ ಉರುಳಿಸದ ಡ್ರೈವರ್ ಸೋಮಪ್ಪ ಅವತ್ತು ಆ ಕೂಗನ್ನು ಕೇಳಲೇ ಇಲ್ಲ. ಬ್ರೇಕ್ ತುಳಿಯಲಿಲ್ಲ, ಸ್ಟೇರಿಂಗ್ ಜೊತೆ ಗುದ್ದಾಡಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ನೆಟ್ಟಗೆ ಹಿಡಿದು ಕಾದನಂತೆ. ಬಸ್ಸು ತಾನಾಗಿ ದಾರಿಗೆ ಬಂತು. ಆಮೇಲೆ ಅವನು, ‘ಗಾಳೆಪ್ಪಣ್ಣ, ನೀ ಅಂದದ್ದು ಕೇಳಿದ್ರ ಎಲ್ರೂ ಗುಂಡ್ಯಾಗ ಇರ್ತಿದ್ವಿ’ ಅಂದನಂತೆ.

ಸಂಜೆ ಮನೆಗೆ ಬಂದವರು ಚಹಾ ಕುಡಿಯುತ್ತ ಇದನ್ನೆಲ್ಲ ಹೇಳಿದರು. ಆಮೇಲೆ ಪ್ರಬುದ್ಧನನ್ನು ಕರೆದು ನಿನ್ನ ಇನ್ನೊಂದು ವಿಡಿಯೊ ಹಾಕಿಸಿಕೊಂಡರು, ನಿನ್ನ ಸೀಟಿನ ಮುಂದೆ ಕ್ಯಾಮೆರಾ ಇಟ್ಟು ತೆಗೆದದ್ದು. ಅದನ್ನು ಅವರು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ನಿನ್ನ ತಲೆಯ ಹಿಂದೆ ನೆಲ, ಆಕಾಶ, ಮತ್ತೆ ನೆಲ. ಅವರು ಅದೊಂದನ್ನೂ ನೋಡದೆ ನಿನ್ನ ಕೈಯನ್ನೇ ನೋಡುತ್ತಿದ್ದರು. ವಿಮಾನ ಉರುಳುತ್ತಿರುವಾಗಲೇ ನೀನು ವಿಮಾನ ನಡೆಸುವ ಆ ಕೋಲನ್ನು ನಡುವಿಗೆ ತಂದು ಸುಮ್ಮನೆ ಹಿಡಿದು ಕೂತೆ. ವಿಮಾನ ತಲೆಕೆಳಗಾಗಿ ಸುತ್ತಿ ಸುಸ್ತಾದ ಮೇಲೆ ಮೆಲ್ಲಗೆ ಎತ್ತಿಕೊಂಡೆ. ‘ಕಾಯಾಕ ಕಲ್ತಾಳ ನೋಡು’ ಅಂದರು, ಅಷ್ಟೇ. ಇನ್ನೇನು ನಿನಗೆ ಫೋನು ಮಾಡುತ್ತಾರೆ ಅಂದುಕೊಂಡೆ. ನಿನ್ನೆಯೂ ಮಾಡಲಿಲ್ಲ.

ನನಗೆ ಭಯವಿಲ್ಲ ಅಂದರೆ ಸುಳ್ಳಾಗುತ್ತದೆ. ತುಂಬಾ ಭಯವಿದೆ, ಕ್ರಾಂತಿ. ಗಟ್ಟಿಯಾಗಿ ಹಿಡಿದುಕೊಂಡೇ ಮಕ್ಕಳನ್ನು ಉಳಿಸಿಕೊಂಡೆವು ಅಂತ ನಾವು ಅಂದುಕೊಂಡಿರುತ್ತೇವೆ. ಹಿಡಿತ ಸಡಿಲಿಸಿ ಕಾಯುವುದೂ ಒಂದು ಕೆಲಸವೇ ಅಂತ ಈ ಎರಡು ದಿನದಿಂದ ಅನ್ನಿಸುತ್ತಿದೆ, ಅದೇ ಹೆಚ್ಚು ಕಷ್ಟದ್ದು ಅಂತಲೂ. ಹಾಕು ಅಂತಲಾಗಲಿ ಬೇಡ ಅಂತಲಾಗಲಿ ನಾನು ಹೇಳುವುದಿಲ್ಲ. ಹೊಟ್ಟೆಗೆ ಸರಿಯಾಗಿ ತಿಂದು ಹಾರು.

ಅಜ್ಜಿ ನಿನ್ನ ಫೋಟೊಗೆ ಉಪ್ಪು, ಮೆಣಸಿನಕಾಯಿ ನೀವಾಳಿಸಿದ್ದಾಳೆ, ನಿನ್ನಪ್ಪನಿಗೆ ಕಾಣದ ಹಾಗೆ. ನಿನಗೆ ಕಲಿಸುವ ಗುರುಗಳಿಗೆ ನಮ್ಮೆಲ್ಲರ ಜೈಭೀಮ್ ತಿಳಿಸು. ನೂರು ವರ್ಷ ಬಾಳು ತಾಯಿ.

ನಿನ್ನ ಅಮ್ಮ,
ಸುಮಂಗಲಾ

ಮರೆತ ಮಾತು: ಕಾಗದ ಮಡಚುವಷ್ಟರಲ್ಲಿ ನಿನ್ನಪ್ಪ ಡ್ಯೂಟಿ ಮುಗಿಸಿ ಬಂದರು. ಬ್ಯಾಗನ್ನೂ ಇಳಿಸದೆ ಪೆನ್ನು ಕಸಿದುಕೊಂಡಿದ್ದಾರೆ. ಇನ್ನು ಅವರ ಕೈಬರಹ:

ಮಗಳ, ನಿನ್ನ ಬಾಗಲ ನನಗ ಇಲ್ಲಿಂದ ಕಾಣಲ್ಲ. ಹಿಂದ ಮುಂದ ನೀನ ನೋಡ್ಕ. ಮ್ಯಾಲಿದ್ದಾಗ ನಾನು ಹೋಲ್ಡಾನ್ ಅಂತ ಕೂಗಿದಂಗ ಅನಿಸಿದ್ರ ಕೇಳಬ್ಯಾಡ. ರೈಟ್, ರೈಟ್.
— ಅಪ್ಪ