ಅಳೂ ಬಾವಿ

೪ ಏಪ್ರಿಲ್ ೨೦೧೬, ಸೋಮವಾರ, ನೌಬಾದ
ಹೂಳೆತ್ತುವ ಬಾವಿಗಳ ಪಟ್ಟಿ ಮುಗಿಸಿದೆ. ಭಾಲ್ಕಿ ಕಡೆಯದು ಒಂಬತ್ತು. ಅವ್ವನ ಊರು ಹಲಬರ್ಗಾದ್ದಕ್ಕೆ ಕಾಟು ಹೊಡೆದೆ. ಹೆಸರೇ ಅಳೂ ಬಾವಿ! ಚಿಕ್ಕಂದಿನಿಂದ ಅವ್ವನ ಮಾತು ಕೇಳಿದ್ದೇನೆ — "ನಮ್ಮೂರಾಗ ಏನದ? ಕಲ್ಲು, ಮತ್ತ ಒಂದು ಅಳೂ ಬಾವಿ." ಎಪ್ಪತ್ತೆರಡರ ಬರದಲ್ಲಿ ಹೈದರಾಬಾದಿಗೆ ಗುಳೆ ಹೋದವಳು ಮತ್ತೆ ಆ ಊರು ಮೆಟ್ಟಿಲ್ಲ. ನಾನು ಹುಟ್ಟಿದ್ದೇ ಹೈದರಾಬಾದಿನಲ್ಲಿ. ಯಾರೋ ಬಿದ್ದು ಸತ್ತಿರಬೇಕು, ಮಂದಿ ಅತ್ತಿರಬೇಕು ಎಂದುಕೊಂಡೇ ಬೆಳೆದೆ. ಅಂಥದ್ದಕ್ಕೆ ಯಾಕೆ ಕೆಲಸ ದಂಡ?

೬ ಏಪ್ರಿಲ್
ಔರಾದಿನಲ್ಲಿ ಟ್ಯಾಂಕರ್ ಜಗಳ. ತಲೆನೋವು. ಸಂಜೆ ಹಲಬರ್ಗಾದಲ್ಲಿ ಪಂಢರಿ ಎಂಬ ರೈತ ಜೀಪಿಗೆ ಅಡ್ಡ ನಿಂತ.
"ನಮ್ ಬಾವಿ ಪಟ್ಟ್ಯಾಗಿಂದ ಯಾಕ ತಗದ್ರಿ ಮೇಡಂ? ಐತವಾರ ತನಕ ನೀರ ಬರಲಿಲ್ಲಂದ್ರ ಹನ್ನೊಂದು ಮನಿ ಹೈದರಾಬಾದ ಗಾಡಿ ಹತ್ತತಾವ್ರಿ."
"ಅಳೋ ಬಾವಿ ಅಗೆದು ಏನು ಮಾಡ್ತೀರಿ?" ಅಂದೆ.
ಕಟ್ಟೆಯ ಮೇಲಿದ್ದ ಮುನ್ನಿಬೀ ಅಜ್ಜಿ ನಕ್ಕೇ ನಕ್ಕಳು. "ಅಯ್ಯೋ ಬೇಟಿ! ಮಂದಿ ಅಳೂದಲ್ಲ, ಬಾವಿನೇ ಅಳ್ತದ. ಕೆಂಪು ಕಲ್ಲಿನಾಗಿಂದ ತೊಟಕ್ ತೊಟಕ್... ಬ್ಯಾಸಗ್ಯಾಗೂ ನಿಲ್ಲತಿದ್ದಿಲ್ಲ. ಹೂಳು ಬಿದ್ದು ನೀರಿನ ಕಣ್ಣು ಮುಚ್ಚ್ಯಾವ, ಅಷ್ಟೇ."
ಥೂ! ಇಂಜಿನಿಯರಂತೆ ನಾನು. ಅಳುವುದು ಯಾರು ಎಂದೇ ಕೇಳಿರಲಿಲ್ಲ.

೭ ಏಪ್ರಿಲ್
ಬೀದರದಲ್ಲಿ ಸಾಹೇಬರ ಮುಂದೆ ತಪ್ಪು ಒಪ್ಪಿಕೊಂಡೆ. ಬೈದರು. ಪಟ್ಟಿ ತಿದ್ದಿದರು. ನೌಬಾದದ ಮನೆಗೆ ಬಂದು, ಈಗ ನನ್ನ ಜೊತೆಗೇ ಇರುವ ಅವ್ವನನ್ನು ಕೇಳಿದೆ — ಯಾಕೆ ಹೇಳಲಿಲ್ಲ?
"ಕುಡೀಲಕ್ಕ ನೀರಿತ್ತವ್ವ, ತಿನ್ನಲಕ್ಕ ಜ್ವಾಳ ಇದ್ದಿಲ್ಲ. ನೀರು ನೆನಪಿಟ್ರ ಸಿಟ್ಟು ಹ್ಯಾಂಗ ಉಳೀತದ?"
ನಾನು ನೋಡಿದ್ದು ಊರನ್ನಲ್ಲ, ಅವಳ ಸಿಟ್ಟನ್ನು.

೧೦ ಏಪ್ರಿಲ್, ಐತವಾರ, ಸಂಜೆ ೫, ಹಲಬರ್ಗಾ
ಮೂರು ದಿನ ಬರೀ ಹೂಳು. ಗಂಟು ಕಟ್ಟಿಟ್ಟವರೂ ಬುಟ್ಟಿ ಹೊತ್ತರು. ಇವತ್ತು ಮಧ್ಯಾಹ್ನ ಹನ್ನೆರಡಾಯಿತು, ಏನಿಲ್ಲ. ಹೈದರಾಬಾದ ಗಾಡಿ ಬಂದು ನಿಂತಿತು. ಅಷ್ಟರಲ್ಲಿ ಕೆಳಗಿನಿಂದ ಪಂಢರಿಯ ಕೂಗು —
"ಅಳ್ಲಕತ್ಯಾದ್ರೀ! ಬಾವಿ ಅಳ್ಲಕತ್ಯಾದ!"
ಗೋಡೆಯ ತುಂಬ ಕಣ್ಣು ಒಡೆದಿವೆ. ಈಗ ಮೊಣಕಾಲುದ್ದ ನೀರು. ಗಾಡಿ ಖಾಲಿ ಹೋಯಿತು. ಮುನ್ನಿಬೀ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಗೆದ್ದೆವು! ದೊಡ್ಡಕ್ಷರದಲ್ಲೇ ಬರೆಯಬೇಕು.
ಅವ್ವನಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ, "ಇನ್ನೂ ಸವಿ ಅದಾವೇನ ನೀರು?"
"ಬಂದು ಕುಡಿದು ನೋಡು" ಅಂದೆ.

೬:೪೦
ಬೀದರ ಬಸ್ಸು ಬಂತು. ಅವ್ವ ಇಳಿದಳು! ಕೈಯಲ್ಲಿ ಹಿತ್ತಾಳೆ ಚರಿಗೆ. ಚಪ್ಪಲಿ ಅಲ್ಲೇ ಕಳಚಿ, ನನ್ನ ಕಡೆ ನೋಡದೆ, ದಾರಿ ಕೇಳದೆ, ನೆಟ್ಟಗೆ ಬಾವಿಯ ಕಡೆಗೇ —